ಮನೆಯ ಸುತ್ತಣ ವನ್ಯಜೀವಿಗಳೂ ದಯಾಧರ್ಮವೂ



ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಪಡುವಣ ಕಡಲಿಗೂ ಮೂಡಣ ಘಟ್ಟಕ್ಕೂ ನಡುವಣ ನೆಲವು ಇಕ್ಕಟ್ಟಾದುದು. ಮನೆಯ ಮುಂದೆ ಗದ್ದೆ, ಮಗ್ಗುಲಲ್ಲಿ ತೋಟ, ಹಿಂದೆ ಬೆಟ್ಟ. ಹಿತ್ತಿಲು ಮುಗಿದು ಕಾಡು ಮೊದಲಾಗುವುದೆಲ್ಲಿ ಎಂಬುದನ್ನು ಬೇಲಿ ಕಟ್ಟಿದವನು ಬಲ್ಲನೇ ಹೊರತು ಹಾವಾಗಲಿ ಮಂಗನಾಗಲಿ ಅರಿಯವು. ಇಂತಹ ನಾಡಿನಲ್ಲಿ ದಯೆಯು ಗ್ರಂಥದ ಮಾತಾಗಿ ಉಳಿಯಲಾರದು. ಅದರ ಪರೀಕ್ಷೆಯು ದಿನದಿನವೂ ಹೊಸ್ತಿಲಲ್ಲಿಯೇ ಆಗುವುದು.

ಈ ಕರಾವಳಿಯಲ್ಲಿ ನಾಗಬನಗಳುಂಟು. ಬನದ ಮರಕ್ಕೆ ಕೊಡಲಿಯಿಡಲು ಜನರು ಅಂಜುವರು. ಶಿಲೆಯಲ್ಲಿ ಕೆತ್ತಿದ ನಾಗನನ್ನು ಭಕ್ತಿಯಿಂದ ಪೂಜಿಸುವರು. ಅದೇ ನಾಗನು ಸಂಜೆ ಕೊಟ್ಟಿಗೆಯಲ್ಲಿ ಕಾಣಿಸಿದೊಡನೆ ದೊಣ್ಣೆಯನ್ನು ಅರಸುವರು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ವಚನವೊಂದರಲ್ಲಿ ಈ ವಿಪರೀತವನ್ನೇ ಎತ್ತಿ ತೋರಿಸಿರುವರು. ಎಂಟುನೂರು ವರ್ಷಗಳು ಕಳೆದರೂ ಆ ಮಾತಿಗೆ ಉತ್ತರ ದೊರೆತಿಲ್ಲ.

ಆದರೆ ಕೂಸನ್ನು ನೆಲದ ಮೇಲೆ ಮಲಗಿಸಿದ ತಾಯಿಯ ಭಯವು ಸುಳ್ಳೆನ್ನಬಹುದೇ? ಎಂದಿಗೂ ಅಲ್ಲ. ಆ ಭಯವನ್ನು ಜರೆಯುವ ದಯೆಯು ದಯೆಯೇ ಅಲ್ಲ. ಭಯವು ದೊಣ್ಣೆಯಿಂದ ನೀಗುವುದಿಲ್ಲ, ಅರಿವಿನಿಂದ ನೀಗುವುದು. ಹಾವು ಮನುಷ್ಯನನ್ನರಸಿ ಬರುವುದಿಲ್ಲ. ಇಲಿಯನ್ನೂ ಕಪ್ಪೆಯನ್ನೂ ಅರಸಿ ಬರುವುದು. ಸೌದೆಯ ರಾಶಿಯನ್ನು ಗೋಡೆಯಿಂದ ದೂರವಿಟ್ಟು, ಬಿಲಗಳನ್ನು ಮುಚ್ಚಿ, ಕಾಳುಕಡಿಗಳನ್ನು ಭದ್ರಪಡಿಸಿದರೆ ಇಲಿ ತಗ್ಗುವುದು. ಇಲಿ ತಗ್ಗಿದರೆ ಹಾವಿನ ಬರವೂ ತಗ್ಗುವುದು. ಕಟ್ಟುಹಾವು ರಾತ್ರಿಯಲ್ಲಿ, ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ಮಂಚ, ಸೊಳ್ಳೆಪರದೆ, ಇರುಳಿನ ನಡಿಗೆಗೆ ದೀಪ, ಇವೇ ಮನೆಯ ರಕ್ಷೆ. ಕೇರೆಯು ರೈತನ ಧಾನ್ಯವನ್ನು ಕಾಯುವುದು. ಕಾಳಿಂಗನಾದರೋ ಬೇರೆ ಹಾವುಗಳನ್ನೇ ತಿಂದು ಬದುಕುವುದು. ಪಶ್ಚಿಮಘಟ್ಟದ ಕಾಳಿಂಗವು ಪ್ರತ್ಯೇಕ ಜಾತಿಯೆಂದು 2024ರಲ್ಲಿ ನಿರ್ಣಯಿಸಿದ ಶಾಸ್ತ್ರಜ್ಞರು ಅದಕ್ಕೆ ಈ ಕನ್ನಡ ಹೆಸರನ್ನೇ ಇಟ್ಟಿರುವರು.

ಒಂದು ವೇಳೆ ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಬಿಗಿದು ಕಟ್ಟಬಾರದು. ಕಚ್ಚಿದ ಅಂಗವನ್ನು ಅಲುಗಿಸದೆ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕುದು. ಮಂತ್ರಕ್ಕಾಗಿ ಕಳೆದ ಒಂದು ಗಳಿಗೆಯು ಪ್ರಾಣಕ್ಕೆ ಎರವಾದೀತು. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕವು 2024ರಲ್ಲಿ ವಿಧಿಸಿತು.

ಇನ್ನು ಮಂಗನ ಮಾತು. ಶರಾವತಿ, ಅಘನಾಶಿನಿಗಳ ಕಣಿವೆಯ ಸಿಂಗಳೀಕವು ದಟ್ಟಡವಿಯ ಮರದ ತುದಿಯಲ್ಲಿಯೇ ಬಾಳುವ ಪ್ರಾಣಿ. ಅದಕ್ಕೆ ಅಡವಿಯೇ ಮನೆ. ಬಾಳೆಗೊನೆಯನ್ನೂ ಎಳನೀರನ್ನೂ ಹಾಳುಗೆಡಹುವುದು ಊರಿನ ಮಂಗವು. ವರ್ಷದ ದುಡಿಮೆಯನ್ನು ಕಳೆದುಕೊಂಡ ತೋಟಿಗನಿಗೆ ಬರಿಯ ಉಪದೇಶವು ಸಾಲದು. ಹಿಂಡನ್ನು ಹಿಡಿದು ಪಕ್ಕದೂರಿನಲ್ಲಿ ಬಿಡುವುದೋ, ಸ್ವಂತ ಕಷ್ಟವನ್ನು ನೆರೆಯವನ ತಲೆಗೆ ಕಟ್ಟಿದಂತೆ. ಘಟ್ಟದ ದಾರಿಯಲ್ಲಿ ನಿಂತು ಬಾಳೆಹಣ್ಣು ಎಸೆಯುವವರು ಪುಣ್ಯವೆಂದು ಬಗೆಯುವರು. ಮನುಷ್ಯನ ಕೈಯ ತುತ್ತಿಗೆ ಒಗ್ಗಿದ ಮಂಗವು ನಾಳೆ ಬಡವನ ಅಡಿಗೆಮನೆಯನ್ನು ಹೊಗುವುದು. ಆ ಪುಣ್ಯದ ಸಾಲವನ್ನು ತೀರಿಸುವವನು ಬಡವನು! ಊರವರು ಸರದಿಯಿಂದ ತೋಟ ಕಾಯುವುದೂ, ಬೆಟ್ಟದಲ್ಲಿ ಕಾಡುಹಣ್ಣಿನ ಮರಗಳನ್ನು ಉಳಿಸುವುದೂ ಇದಕ್ಕಿಂತ ಮೇಲಾದ ದಾನ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತವು. ಹಿಂದೆಯೇ ಮನುಷ್ಯರೂ ಜ್ವರದಿಂದ ಮಡಿದರು. ಆ ಕಾಯಿಲೆಯು ಮುಂದೆ ಈ ಜಿಲ್ಲೆಗೂ ಹಬ್ಬಿತು. ಜನರು ಅದನ್ನು ಮಂಗನ ಕಾಯಿಲೆಯೆನ್ನುವರು. ಆದರೆ ಅದನ್ನು ಹರಡುವುದು ಉಣುಗು. ಮಂಗವು ಅಪರಾಧಿಯಲ್ಲ, ಮನುಷ್ಯನಂತೆಯೇ ರೋಗಕ್ಕೆ ತುತ್ತಾದುದು. ತಾನು ಮೊದಲು ಸತ್ತು ಊರಿಗೆ ಎಚ್ಚರಿಕೆ ಕೊಡುವುದು. ಸತ್ತ ಮಂಗವನ್ನು ಕಂಡರೆ ಮುಟ್ಟದೆ, ಆರೋಗ್ಯ ಇಲಾಖೆಗೆ ಕೂಡಲೇ ತಿಳಿಸತಕ್ಕುದು.

ಆದುದರಿಂದ ಅರಿವಿಲ್ಲದ ದಯೆಯು ಕುರುಡು. ದಯೆಯಿಲ್ಲದ ಅರಿವು ಬರಡು. ಎರಡೂ ಕೂಡಿದ ಮನೆಯಲ್ಲಿ ತಾಯಿಯು ನಿಶ್ಚಿಂತೆಯಿಂದ ಕೂಸನ್ನು ಮಲಗಿಸುವಳು. ಹಿತ್ತಿಲ ಕೇರೆಯೂ ತನ್ನ ದಾರಿಯನ್ನು ತಾನು ಹಿಡಿದು ಹೋಗುವುದು. ಅಂತಹ ಮನೆಗಳು ಈ ಸೀಮೆಯಲ್ಲಿ ಹೆಚ್ಚಲಿ. ಸರ್ವ ಜೀವಿಗಳಿಗೂ ಮಂಗಳವಾಗಲಿ.