ನಿದ್ದೆಯ ಹೊತ್ತು ತಿಳಿಸುವ ಮೆಲಟೋನಿನ್

ಮಕ್ಕಳೇ, ರಾತ್ರಿ ಎಷ್ಟು ಹೊರಳಾಡಿದರೂ ನಿದ್ದೆ ಹತ್ತುವುದಿಲ್ಲವೇ? ಹಾಗಾದರೆ ನಿದ್ದೆಯ ಹೊತ್ತನ್ನು ದೇಹಕ್ಕೆ ತಿಳಿಸುವುದು ಯಾರೆಂದು ನೋಡೋಣ ಬನ್ನಿ.

ಮಿದುಳಿನ ನಡುವೆ ಪೀನಿಯಲ್ ಎಂಬ ಪುಟ್ಟ ಗ್ರಂಥಿಯಿದೆ. ಉದ್ದ ಒಂದು ಸೆಂಟಿಮೀಟರಿಗೂ ಕಡಿಮೆ. ಹೊರಗೆ ಬೆಳಕೋ ಕತ್ತಲೋ ಎಂಬ ಸುದ್ದಿ ಕಣ್ಣಿನಿಂದ ಮಿದುಳಿನೊಳಗಿನ ಗಡಿಯಾರಕ್ಕೆ, ಅಲ್ಲಿಂದ ಈ ಗ್ರಂಥಿಗೆ ಮುಟ್ಟುತ್ತದೆ. ಕತ್ತಲಾದ ಮೇಲೆ ಅದು ಮೆಲಟೋನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅಮೆರಿಕದ ಚರ್ಮವೈದ್ಯ ಆರನ್ ಲರ್ನರ್ ಮತ್ತು ಸಂಗಡಿಗರು 1958ರಲ್ಲಿ ಹಸುಗಳ ಪೀನಿಯಲ್ ಗ್ರಂಥಿಗಳಿಂದ ಇದನ್ನು ಬೇರ್ಪಡಿಸಿದರು. ಅವರು ಹುಡುಕುತ್ತಿದ್ದದ್ದು ನಿದ್ದೆಯ ಗುಟ್ಟನ್ನಲ್ಲ, ಕಪ್ಪೆಯ ಚರ್ಮದ ಬಣ್ಣ ತಿಳಿಯಾಗಿಸುವ ವಸ್ತುವನ್ನು!

ಶಾಲೆಯ ಗಂಟೆ ಸಮಯವಾಯಿತೆಂದು ಸಾರುತ್ತದೆ, ಯಾರನ್ನೂ ಎಳೆದು ತಂದು ಕೂರಿಸುವುದಿಲ್ಲ. ಮೆಲಟೋನಿನ್ ಕೂಡ ಹಾಗೆಯೇ. ಹದಿಹರೆಯದಲ್ಲಿ ಇದು ಒಂದೆರಡು ಗಂಟೆ ತಡವಾಗಿ ಏರುತ್ತದೆ. ಅಣ್ಣ, ಅಕ್ಕ ಬೇಗ ಮಲಗದಿರುವುದು ಬರೀ ಹಟವಲ್ಲ.

ಮೆಲಟೋನಿನ್ ಈಗ ಮಾತ್ರೆಯಾಗಿ, ಸಿಹಿ ಗಮ್ಮಿಯಾಗಿಯೂ ಸಿಗುತ್ತದೆ. ಆಟಿಸಂ, ಎಡಿಎಚ್‌ಡಿ ಎಂಬ ಬೆಳವಣಿಗೆಯ ತೊಂದರೆಗಳಿರುವ ಕೆಲವು ಮಕ್ಕಳಿಗೆ ವೈದ್ಯರು ಇದನ್ನು ಕೊಡುವುದುಂಟು. ಆದರೆ ರುಚಿ ಸಿಹಿಯಾದರೂ ಇದು ಮಿಠಾಯಿಯಲ್ಲ. ಬೆಳಗ್ಗೆ ಮಂಪರು, ತಲೆನೋವು ಬರಬಹುದು. 2017ರಲ್ಲಿ ಕೆನಡಾದ ವಿಜ್ಞಾನಿಗಳು ಇಂಥ 31 ಉತ್ಪನ್ನಗಳನ್ನು ಪರೀಕ್ಷಿಸಿದರು. ಕೆಲವುಗಳಲ್ಲಿ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ತೀರ ಕಡಿಮೆ ಮೆಲಟೋನಿನ್ ಇತ್ತು, ಒಂದರಲ್ಲಂತೂ ಐದು ಪಟ್ಟಿಗೂ ಹೆಚ್ಚು! ಆದ್ದರಿಂದ ಎಷ್ಟು, ಯಾವಾಗ, ಎಷ್ಟು ದಿನ ಎಂಬುದನ್ನು ಮಕ್ಕಳ ವೈದ್ಯರೇ ಹೇಳಬೇಕು, ಮಾತ್ರೆಯನ್ನು ದೊಡ್ಡವರೇ ಕೈಯಾರೆ ಕೊಡಬೇಕು. ಡಬ್ಬಿ ಪುಟ್ಟ ತಮ್ಮ, ತಂಗಿಯರ ಕೈಗೆ ಎಟುಕಲೇಬಾರದು. ಯಾರಾದರೂ ತಪ್ಪಿ ಹೆಚ್ಚು ನುಂಗಿದರೆ ಬೈಗುಳಕ್ಕೆ ಹೆದರದೆ ತಕ್ಷಣ ಮನೆಯವರಿಗೆ ತಿಳಿಸಿ.

ನಿಮ್ಮ ಸ್ವಂತ ಮೆಲಟೋನಿನ್‌ಗೆ ನೆರವಾಗುವುದು ನಿಮ್ಮ ಕೈಯಲ್ಲೇ ಇದೆ. ಮೊಬೈಲ್ ಮತ್ತು ಟಿವಿಯ ಬೆಳಕು, ಅದರಲ್ಲೂ ನೀಲಿ ಬೆಳಕು, ಮೆಲಟೋನಿನ್ ಏರದಂತೆ ತಡೆಯುತ್ತದೆ. ಮಲಗುವ ಒಂದು ಗಂಟೆ ಮೊದಲೇ ಅವನ್ನು ಬದಿಗಿಡಿ, ದೀಪ ಮಂದ ಮಾಡಿ. ರಜೆಯಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಲಗಿ, ಏಳಿ. ಬೆಳಗ್ಗೆ ಬಿಸಿಲಿಗೆ ಬನ್ನಿ. ಸಂಜೆಯ ಮೇಲೆ ಕಾಫಿ, ಚಹಾ ಬೇಡ.

ಇಷ್ಟಾದರೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ ಅಪ್ಪ ಅಮ್ಮನಿಗೆ ಹೇಳಿ, ವೈದ್ಯರನ್ನು ಕಾಣಿ. ಗೊರಕೆಯೋ, ಮೈತುರಿಕೆಯೋ, ಪರೀಕ್ಷೆಯ ಭಯವೋ, ಕಾರಣ ಏನೆಂದು ಅವರು ಹುಡುಕುತ್ತಾರೆ. ಕಾರಣ ಸಿಕ್ಕಿ ಅದು ಸರಿಹೋದರೆ ಎಷ್ಟೋ ಮಕ್ಕಳಿಗೆ ನಿದ್ದೆಯ ಮಾತ್ರೆಯೇ ಬೇಕಾಗುವುದಿಲ್ಲ.