ಲೆಕ್ಕಕ್ಕೆ ಸಿಗದವರು

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೊರೋನಾ ಪಿಡುಗಿನ ಕಾಲದಲ್ಲಿ ಸರ್ಕಾರಗಳು ನಡೆದುಕೊಂಡ ಬಗೆಯನ್ನು ಇಂದು ವಿಚಾರಿಸೋಣ. ರೋಗವನ್ನು ಸರ್ಕಾರ ತಂದಿತೆಂದು ನಾವು ಹೇಳುವುದಿಲ್ಲ. ರೋಗ ಮಾಡಿದ್ದೇನು, ಸರ್ಕಾರ ಮಾಡಿದ್ದೇನು ಎಂಬುದನ್ನು ಬೇರೆ ಮಾಡಿ ನೋಡಬೇಕು, ಅಷ್ಟೆ.

2020ರ ಜನವರಿ 30ರಂದು ದೇಶದ ಮೊದಲ ರೋಗಿ ಕೇರಳದಲ್ಲಿ ಪತ್ತೆಯಾದರು. ಮಾರ್ಚ್ ತಿಂಗಳಲ್ಲಿ ಮೊದಲ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿಗಳು ಮಾತನಾಡಿದರು; 12 ಗಂಟೆಗೆ ದೇಶಕ್ಕೆ ಬೀಗ ಬಿತ್ತು. ತನಗೆ ಸುಮಾರು ಎಂಟು ವಾರ ಸಿಕ್ಕಿದ್ದ ಸರ್ಕಾರ ಜನರಿಗೆ ಕೊಟ್ಟದ್ದು ನಾಲ್ಕು ಗಂಟೆ! ದಿನಗೂಲಿಯವನ ಮನೆ ಬಾಡಿಗೆ ಯಾರು ಕೊಡಬೇಕು? ಅಂಗಡಿ ಮುಚ್ಚಿದವನ ಸಾಲದ ಕಂತನ್ನೇನೋ ಮುಂದೂಡಿದರು; ಬಡ್ಡಿ ಮಾತ್ರ ಬೆಳೆಯುತ್ತಲೇ ಹೋಯಿತು.

ಉಚಿತ ಧಾನ್ಯ ಕೊಟ್ಟದ್ದು ನಿಜ. ಅದರಿಂದ ಕೋಟ್ಯಂತರ ಮನೆಗಳ ಒಲೆ ಉರಿಯಿತು. ಆದರೆ ಪರವೂರಿನಲ್ಲಿ ದುಡಿಯುವವನ ಪಡಿತರ ಚೀಟಿ ಅವನ ಹಳ್ಳಿಯಲ್ಲಿತ್ತು. ಆದ್ದರಿಂದಲೇ ಅವನು ನಡೆದು ಹೊರಟ. ಮೇ 8ರಂದು ಔರಂಗಾಬಾದಿನ ಬಳಿ, ನಡೆದು ದಣಿದು ಹಳಿಯ ಮೇಲೆ ಮಲಗಿದ್ದ 16 ಕೂಲಿಕಾರರ ಮೇಲೆ ಗೂಡ್ಸ್ ರೈಲು ಹರಿಯಿತು.

ನಮ್ಮ ರಾಜ್ಯದಲ್ಲಿ ಆದದ್ದೇನು? ಮೇ 5ರಂದು ಮುಖ್ಯಮಂತ್ರಿಗಳು ಕಟ್ಟಡ ಉದ್ಯಮಿಗಳನ್ನು ಕಂಡರು. ಅಂದೇ, ಕೂಲಿಕಾರರ ರೈಲು ಬೇಡವೆಂದು ರೈಲ್ವೆಗೆ ಕಾಗದ ಹೋಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ರೈಲು ಮತ್ತೆ ಹೊರಟಿತು. ಮೇ 22ರಂದು ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಲು ಅಪ್ಪಣೆಯಾಯಿತು. ಪ್ರಕರಣ ಹೈಕೋರ್ಟಿಗೆ ಹೋದಾಗ ಜೂನಿನಲ್ಲಿ ಅದನ್ನೂ ಹಿಂದಕ್ಕೆ ಪಡೆದರು. ರೋಗಕ್ಕೂ ಎಂಟು ಗಂಟೆಯ ದುಡಿಮೆಗೂ ಏನು ಸಂಬಂಧ? ಜನ ಮನೆಯೊಳಗೆ ಕುಳಿತಿದ್ದಾಗ ಬಂಡವಾಳಗಾರನ ಹಳೆಯ ಆಸೆ ಈಡೇರಲಿ ಎಂಬುದಷ್ಟೇ ಸಂಬಂಧ.

ನಾವು ಮೇಷ್ಟರಾಗಿದ್ದವರು. ಶಾಲೆಯಲ್ಲಿ ಮೊದಲ ಕೆಲಸ ಹಾಜರಿ ಕರೆಯುವುದು. ಒಂದು ಮಗು ಬರದಿದ್ದರೆ ಏಕೆ ಬರಲಿಲ್ಲವೆಂದು ವಿಚಾರಿಸಬೇಕು. ವಲಸೆ ಕಾರ್ಮಿಕರ ಹೆಸರು ಬರೆದಿಡಲು 1979ರಲ್ಲೇ ಕಾಯಿದೆ ಆಗಿತ್ತು. ಆದರೂ 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಲೋಕಸಭೆಗೆ ಕೊಟ್ಟ ಉತ್ತರ ಇದು: ಸತ್ತ ವಲಸೆ ಕಾರ್ಮಿಕರ ಲೆಕ್ಕ ಇಟ್ಟಿಲ್ಲ, ಆದ್ದರಿಂದ ಪರಿಹಾರದ ಪ್ರಶ್ನೆಯೇ ಏಳುವುದಿಲ್ಲ!

2021ರ ಮೇ 2ರ ರಾತ್ರಿಯಿಂದ ಮರುದಿನದೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕವಿಲ್ಲದೆ ಸತ್ತವರು ಮೂವರೇ ಎಂದರು ಸಚಿವರು. ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ, ಅಂಥ ಸಾವುಗಳನ್ನು ರಾಜ್ಯಗಳು ಪ್ರತ್ಯೇಕವಾಗಿ ವರದಿ ಮಾಡಿಲ್ಲವೆಂದು ಕೈತೊಳೆದುಕೊಂಡಿತು. 2020-21ರಲ್ಲಿ ದೇಶದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಸರ್ಕಾರದ ಪಟ್ಟಿಯಲ್ಲಿದ್ದುದು 5 ಲಕ್ಷಕ್ಕೂ ಕಡಿಮೆ. ಅಂದಾಜಿನ ಕ್ರಮ ಸರಿಯಿಲ್ಲವೆಂದು ಸರ್ಕಾರ ಆಕ್ಷೇಪಿಸಿತು. ಸರಿ, ಹಾಗಾದರೆ ಸರಿಯಾದ ಲೆಕ್ಕವನ್ನು ಊರೂರಿಗೆ ತೆಗೆದು ತೋರಿಸಲಿ.

ಖಾತೆ ಪುಸ್ತಕ ಇಟ್ಟವರಿಗೆ ಇದರ ಗುಟ್ಟು ತಿಳಿದಿದೆ. ಬರೆಯದ ಸಾಲವನ್ನು ಯಾರೂ ತೀರಿಸುವುದಿಲ್ಲ. ಆದ್ದರಿಂದ ನಮ್ಮ ಬೇಡಿಕೆ ಮೂರು: ದುಡಿಯುವ ಪ್ರತಿಯೊಬ್ಬನ ಹೆಸರೂ ದಾಖಲೆಯಲ್ಲಿರಲಿ, ಪ್ರತಿ ಸಾವಿನ ಕಾರಣ ಬರೆಯಲ್ಪಡಲಿ, ಜಿಲ್ಲಾ ಆಸ್ಪತ್ರೆಯ ಹಾಸಿಗೆ, ಆಮ್ಲಜನಕ, ದಾದಿಯರ ಲೆಕ್ಕವನ್ನು ವರ್ಷಕ್ಕೊಮ್ಮೆ ಜನರ ಮುಂದಿಡಲಿ.

ಸರ್ಕಾರ ಬರೆಯುವವರೆಗೆ ಕಾಯುವುದು ಬೇಡ. ನಿಮ್ಮ ಗಿರಣಿಯಲ್ಲಿ, ನಿಮ್ಮ ಕೇರಿಯಲ್ಲಿ ಆ ಎರಡು ವರ್ಷ ಯಾರನ್ನು ಕಳೆದುಕೊಂಡಿರಿ? ನಾಳೆಯಿಂದಲೇ ಬರೆಯಲು ತೊಡಗಿ.