ಕಾವು ಮತ್ತು ಕಾಲ

ಕುಂಬಾರಿಕೆಯನ್ನು ಅಕ್ಕರೆಯಿಂದ ಕಲಿತು, ಕಡೆಗೆ ಮನೆಯಲ್ಲಿಯೇ ಒಂದು ಚಿಕ್ಕ ವಿದ್ಯುತ್ ಆವಿಗೆಯನ್ನು ಇರಿಸಿಕೊಂಡವರಿಗೆ, ತಿಗರಿಯ ಮೇಲೆ ಮಣ್ಣನ್ನೆತ್ತುವ ಕೈಚಳಕವಲ್ಲದೆ ಬೇರೊಂದು ಗುಣವೂ ಈ ವಿದ್ಯೆಗೆ ಅವಶ್ಯವೆಂಬುದು ಮೊದಲ ಸಲ ಪಾತ್ರೆಗಳನ್ನು ಸುಡುವಾಗಲೇ ಮನವರಿಕೆಯಾಗುತ್ತದೆ. ಆ ಗುಣವೇ ತಾಳ್ಮೆ.

ಹಸಿ ಪಾತ್ರೆಯನ್ನು ಆವಿಗೆಯಲ್ಲಿಡುವ ಮುನ್ನ ಬಲ್ಲವರು ಅದನ್ನು ಕೆನ್ನೆಗೆ ಒತ್ತಿ ನೋಡುವುದುಂಟು. ಕಣ್ಣಿಗೆ ಒಣಗಿದಂತೆ ತೋರಿದರೂ ಕೆನ್ನೆಗೆ ತಣ್ಣಗೆ ತಾಕಿತೆಂದರೆ ಒಳಗೆ ಇನ್ನೂ ತೇವವುಂಟೆಂದು ತಿಳಿಯಬೇಕು. ಕುದಿಯುವ ನೀರು ಆವಿಯಾಗುವಾಗ ಸಾವಿರ ಪಟ್ಟಿಗೂ ಮಿಗಿಲಾಗಿ ಹಿಗ್ಗುವುದರಿಂದ, ಹೊರಬರಲು ಅದಕ್ಕೆ ಸಾವಕಾಶವಿಲ್ಲದಿದ್ದರೆ ಪಾತ್ರೆ ಸಿಡಿದು ಚೂರಾಗುತ್ತದೆ. ಆದುದರಿಂದ ಇಣುಕುಕಿಂಡಿಯ ಬಿರಡೆಯನ್ನು ತೆಗೆದಿರಿಸಿ, ಮೊದಲ ಕೆಲವು ಗಂಟೆ ಕಾವನ್ನು ಮೆಲ್ಲಮೆಲ್ಲನೆ ಏರಿಸತಕ್ಕದ್ದು. ಮುಂದೆ ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣದಲ್ಲಿ, ಮಣ್ಣಿನ ರಚನೆಯಲ್ಲಿಯೇ ಬೆರೆತಿದ್ದ ನೀರು ಅದನ್ನು ಬಿಟ್ಟಗಲುತ್ತದೆ. ಅಲ್ಲಿಂದಾಚೆಗೆ ಆ ಮಣ್ಣು ಎಷ್ಟು ನೆನೆದರೂ ಮತ್ತೆ ಕೆಸರಾಗದು.

ಸುಮಾರು 1000 ಡಿಗ್ರಿಯವರೆಗೆ ಸಾಗುವ ಈ ಮೊದಲ ಸುಡುವಿಕೆಯಲ್ಲಿ ಒಳಗಿನ ಪಾಕವನ್ನು ಅರಿಯುವ ಉಪಾಯವಾದರೂ ಯಾವುದು? 1886ರಲ್ಲಿ ಜರ್ಮನಿಯ ಹರ್ಮನ್ ಸೆಗರ್ ಎಂಬ ವಿಜ್ಞಾನಿಯು ಖನಿಜಗಳನ್ನು ಬೆರೆಸಿ ಪುಟ್ಟ ಶಂಕುಗಳನ್ನು ರೂಪಿಸಿದನು. ಹತ್ತು ವರ್ಷಗಳ ತರುವಾಯ ಅಮೆರಿಕೆಯ ಎಡ್ವರ್ಡ್ ಆರ್ಟನ್ ಅಂಥವನ್ನೇ ತನ್ನ ದೇಶದಲ್ಲಿ ತಯಾರಿಸತೊಡಗಿದನು. ಪಾತ್ರೆಗಳ ನಡುವೆ ಇರಿಸಿದ ಆ ಶಂಕುವು ಕಾವಿಗೆ ಮೆದುವಾಗಿ, ತುದಿ ಬಾಗಿ ಬುಡದ ಮಟ್ಟಕ್ಕೆ ಬಂದಾಗ ಪಾಕ ಬಂದಿತೆಂದು ಲೆಕ್ಕ. ಆದರೆ ಅದು ಕೇವಲ ಉಷ್ಣಮಾಪಕವಲ್ಲ. ಅವಸರದಿಂದ ಕಾಯಿಸಿದರೆ ಹೆಚ್ಚಿನ ಉಷ್ಣದಲ್ಲಿ ಬಾಗುವ ಶಂಕುವೇ, ನಿಧಾನವಾಗಿ ಕಾಯಿಸಿದಾಗ ಅದಕ್ಕಿಂತ ಕಡಿಮೆ ಉಷ್ಣದಲ್ಲಿ ಬಾಗುತ್ತದೆ. ಕಾವೂ ಕಾಲವೂ ಕೂಡಿ ಮಾಡಿದ ಕೆಲಸಕ್ಕೆ ಅದು ಸಾಕ್ಷಿ ನುಡಿಯುತ್ತದೆ.

ನಮ್ಮ ಬಾಳಿನಲ್ಲಿ ನಾವು ಮರೆಯುತ್ತಿರುವ ತತ್ತ್ವವು ಇದೇ ಎಂದು ನನಗೆ ತೋರುತ್ತದೆ. ಮಕ್ಕಳ ವಿದ್ಯೆಗೆ ಫಲ ಬೇಗ ಬರಲೆಂದು ಒತ್ತಡದ ಉರಿಯನ್ನು ಹೆಚ್ಚಿಸುತ್ತೇವೆ. ಗದರಿಕೆಯಿಂದ ಒಂದೇ ದಿನದಲ್ಲಿ ಸ್ವಭಾವವನ್ನು ತಿದ್ದಲೆಳಸುತ್ತೇವೆ. ಪ್ರತಿದಿನವೂ ತಪ್ಪದೆ ದೊರೆತ ಹಿತಮಿತವಾದ ಆಸ್ಥೆಯು, ಉಗ್ರವಾದ ಒತ್ತಾಯವು ಸಾಧಿಸಲಾರದುದನ್ನು ಸಾಧಿಸುತ್ತದೆಂಬ ವಿಶ್ವಾಸವು ನಮ್ಮಲ್ಲಿ ಕುಂದಿದೆ. ಹೊರಗೆ ಒಣಗಿದಂತೆ ಕಾಣುವ ಮನಸ್ಸಿನೊಳಗೆ ಇನ್ನೂ ಎಷ್ಟು ತೇವವಿದೆಯೆಂದು ಹತ್ತಿರ ಸಾರಿ ಮುಟ್ಟಿ ನೋಡುವ ವ್ಯವಧಾನವೂ ನಮಗಿಲ್ಲ.

ಸುಡುವುದು ಮುಗಿಯಿತೆಂದ ಮಾತ್ರಕ್ಕೆ ಕೆಲಸ ಮುಗಿಯದು. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳು 573 ಡಿಗ್ರಿಯಲ್ಲಿ ಏರುವಾಗ ಹಠಾತ್ತನೆ ಹಿಗ್ಗುವಂತೆಯೇ ಇಳಿಯುವಾಗ ಹಠಾತ್ತನೆ ಕುಗ್ಗುತ್ತವೆ. ಕುತೂಹಲ ತಡೆಯಲಾರದೆ ಮುಚ್ಚಳವನ್ನು ತೆರೆದರೆ, ಬೆಂಕಿಯನ್ನು ಗೆದ್ದು ಬಂದ ಪಾತ್ರೆ ತಣ್ಣನೆಯ ಗಾಳಿಗೆ ಬಿರಿಯಬಹುದು. ಕಷ್ಟವನ್ನು ದಾಟಿದವರಿಗೂ ಹಾಗೆಯೇ ತಣಿಯಲು ಕಾಲ ಬೇಕು. ಆಪತ್ತು ಕಳೆದ ಮರುದಿನವೇ ಅವರಿಂದ ಮೊದಲಿನ ನಗೆಯನ್ನೂ ದುಡಿಮೆಯನ್ನೂ ಅಪೇಕ್ಷಿಸುವುದು ನ್ಯಾಯವಲ್ಲ. ಶ್ರಮಿಸುವವರಿಗೆ ಪ್ರೋತ್ಸಾಹವನ್ನು ಕೊಡುವಷ್ಟೇ ಉದಾರವಾಗಿ ಸಮಯವನ್ನೂ ಕೊಡೋಣ. ಆ ಔದಾರ್ಯವನ್ನು ಇಂದು ನಮ್ಮ ಮನೆಯವರಿಂದಲೇ ಆರಂಭಿಸೋಣ.